ಸದ್ದಿಲ್ಲದ ಕಾರು

ಪತ್ರಿಕೆಯ ಆಫೀಸಿನಲ್ಲಿ ಅವನಿಗೆ ಕಿವಿಯಪ್ಪ ಅಂತ ಹೆಸರು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಎದುರಿಗೇ ಅನ್ನತೊಡಗಿದರು. ಅವನೂ ಬೇಡ ಅನ್ನಲಿಲ್ಲ, ಒಳಗೊಳಗೆ ಖುಷಿಯೇ ಇತ್ತೆನ್ನಿ. ತಿಂಗಳಿಗೊಮ್ಮೆ ಬರುವ ಮೋಟಾರು ಪತ್ರಿಕೆ ಅದು. ಪರೀಕ್ಷೆಗೆಂದು ಹೊಸ ಕಾರು ಬಂದು ಅಂಗಳದಲ್ಲಿ ನಿಂತರೆ ಉಳಿದವರು ಬಣ್ಣ ನೋಡುತ್ತಿದ್ದರು, ಬೆಲೆ ಕೇಳುತ್ತಿದ್ದರು, ಬಾನೆಟ್ ಎತ್ತಿ ಎಲ್ಲ ಬಲ್ಲವರ ಹಾಗೆ ತಲೆಯಾಡಿಸುತ್ತಿದ್ದರು. ಇವನು ಮಾತ್ರ ಒಳಗೆ ಕೂತು, ಗಾಜು ಏರಿಸಿ, ಕಣ್ಣು ಮುಚ್ಚಿಕೊಂಡು ಒಂದೊಂದೇ ಬಾಗಿಲನ್ನು ತೆಗೆದು ಹಾಕಿಸುತ್ತಿದ್ದ. ಹಿಂದಿನ ಬಾಗಿಲಿನ ರಬ್ಬರು ಸರಿಯಾಗಿ ಕೂತಿಲ್ಲ ಅಂದನೋ, ಮುಗಿಯಿತು. ಬಿಚ್ಚಿ ನೋಡಿದರೆ ಅದು ಕೂತಿರುತ್ತಲೇ ಇರಲಿಲ್ಲ.

ಸದ್ದು ಅಳೆಯುವ ಮೀಟರೊಂದನ್ನು ಪತ್ರಿಕೆಯವರು ಯಾವಾಗಲೋ ತರಿಸಿದ್ದರು. ಕಿವಿಯಪ್ಪ ಅದನ್ನು ಡಬ್ಬಿ ಅನ್ನುತ್ತಿದ್ದ. ಡಬ್ಬಿಗೆ ಎಷ್ಟು ಸದ್ದು ಅಂತ ಗೊತ್ತಾಗುತ್ತದೆ, ಯಾರ ಸದ್ದು ಅಂತ ಗೊತ್ತಾಗುತ್ತದೆಯೇ ಎಂದು ಕೇಳುತ್ತಿದ್ದ. ಮಾತಿನಲ್ಲಿ ಹುರುಳಿತ್ತು, ಜಂಬವೂ ಇತ್ತು. ಮೀಟರು ಮೇಜಿನ ಕೆಳಗಿನ ಡ್ರಾಯರಿನಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು.

ಇಷ್ಟೆಲ್ಲ ಕಾರು ಓಡಿಸಿದವನಿಗೆ ಸ್ವಂತದ್ದು ಅಂತ ಒಂದು ಕಾರಿರಲಿಲ್ಲ. ಬಂದದ್ದನ್ನು ಒಂದು ವಾರ ಓಡಿಸಿ ಬೀಗದ ಕೈ ವಾಪಸ್ಸು ಕೊಡುವುದು, ಮತ್ತೊಂದು ಬರುವುದು. ಎದುರುಮನೆಯವರಂತೂ ಇವನು ಕಾರು ಕದ್ದು ಮಾರುವವನಿರಬೇಕೆಂದು ಬಹಳ ಕಾಲ ನಂಬಿದ್ದರು. ಮದುವೆಯಾಗಿ ಹೆಂಡತಿಯನ್ನು ಕರೆತಂದದ್ದು ಕೂಡ ಪರೀಕ್ಷೆಗೆ ಬಂದ ಕಾರಿನಲ್ಲೇ. ಮಾರನೇ ವಾರ ಅಂಗಳ ಖಾಲಿಯಾದಾಗ ಅವಳು, “ನನ್ನನ್ನೂ ವಾರ ನೋಡಿ ವಾಪಸ್ಸು ಕಳಿಸೋ ಯೋಚನೆ ಇದೆಯಾ?” ಅಂದಿದ್ದಳಂತೆ. ಬಾಯಿ ಚುರುಕಿನ ಹೆಂಗಸು.

ಅವನು ಕಾರು ನೋಡುವ ಕ್ರಮವೇ ಬೇರೆ. ಊರಾಚೆಯ ರೈಲ್ವೆ ಗೇಟಿನಿಂದ ಶುರು. ಹಳಿ ದಾಟುವಾಗ ಚಕ್ರದ ಕೆಳಗಿನ ಜೋಡಣೆ ಏನನ್ನುತ್ತದೆ ಕೇಳಬೇಕು. ಅಲ್ಲಿಂದ ಮುಚ್ಚಿಹೋದ ಗಿರಣಿಯ ಪಕ್ಕದ ನೇರ ರಸ್ತೆ. ಅಲ್ಲಿ ತನ್ನ ಪಕ್ಕದ ಗಾಜು ಪೂರ್ತಿ ಇಳಿಸಿ ವೇಗವಾಗಿ ಓಡಿಸುತ್ತಿದ್ದ, ಎಂಜಿನ್ನಿನ ಸದ್ದು ಗಿರಣಿಯ ಗೋಡೆಗೆ ಬಡಿದು ತಿರುಗಿ ಬರುತ್ತದಲ್ಲ, ಅದಕ್ಕಾಗಿ. ಕೊನೆಗೆ ಹಳೇ ಪೇಟೆಯ ಕಲ್ಲುಬೀದಿ. ಕಲ್ಲುಬೀದಿಗೆ ಬಂದ ತಕ್ಷಣ ಗಾಜು ಮೇಲಕ್ಕೆ, ವೇಗ ಒಂದೇ ಸಮ, ಉಸಿರು ಕೂಡ ಮೆಲ್ಲಗೆ. ಆ ಕಲ್ಲುಗಳ ಮೇಲೆ ಯಾವ ಕಾರೂ ತನ್ನ ಗುಟ್ಟು ಉಳಿಸಿಕೊಳ್ಳಲಾರದು. ಎಲ್ಲ ಮುಗಿದ ಮೇಲೆ ಡ್ರೈವರಿನ ಸೀಟನ್ನು ತನ್ನ ಕಾಲಿಗೆ ಸರಿಯಾಗಿ ಸರಿಸಿಟ್ಟು, ಇಳಿದು ಹೋಗಿ ಅದರ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ, ಮೊಣಕಾಲಿಗೆ ಜಾಗ ಉಳಿಯುತ್ತದೋ ಇಲ್ಲವೋ ನೋಡಲು. ಖಾಲಿ ಕಾರಿನಲ್ಲಿ ತನ್ನ ಬೆನ್ನ ಹಿಂದೆ ತಾನೇ ಕೂತಿರುವ ಈ ಮನುಷ್ಯನನ್ನು ಪೇಟೆಯ ಅಂಗಡಿಯವರು ಬಗ್ಗಿ ಬಗ್ಗಿ ನೋಡುತ್ತಿದ್ದರು.

ತುಂಬಿದ ಕಾರಿನ ಸದ್ದು ಬೇರೆ, ಖಾಲಿ ಕಾರಿನ ಸದ್ದು ಬೇರೆ. ಹಾಗಾಗಿ ಭಾನುವಾರ ಹೆಂಡತಿ, ಮಗಳನ್ನು ಕೂರಿಸಿಕೊಂಡು ಅದೇ ದಾರಿಯಲ್ಲಿ ಹೊರಡುತ್ತಿದ್ದ. ಆ ಮನೆಯವರಿಗೆ ತಿರುಗಾಟ ಅಂತ ಇದ್ದದ್ದು ಅದೊಂದೇ. ಹೆಂಡತಿ ಪಕ್ಕದಲ್ಲಿ, ಮಗಳು ಹಿಂದೆ, ನಡುವೆ ಒಂದು ಟೇಪ್ ರೆಕಾರ್ಡರು. ರೆಕಾರ್ಡರು ಓಡತೊಡಗಿದರೆ ಎಲ್ಲರ ಬಾಯಿಗೂ ಬೀಗ. ಗೇಟಿನಿಂದ ಕಲ್ಲುಬೀದಿ ಮುಗಿಯುವವರೆಗೂ ಯಾರೂ ಪಿಟ್ಟೆನ್ನುವಂತಿಲ್ಲ. ಮಗಳು ಮಾತು ಕಲಿಯುವ ವಯಸ್ಸಿನಲ್ಲೇ ಕಾರಿನೊಳಗೆ ಮಾತಾಡದೆ ಇರುವುದನ್ನೂ ಕಲಿತಳು. ಆನೆಯಂಥ ಕ್ರೇನು ಕಂಡರೂ ಬರೀ ಬೆರಳು ತೋರಿಸುತ್ತಿದ್ದಳು. ಒಂದಕ್ಕೆ ಅವಸರವಾದರೆ ಅಮ್ಮನ ಭುಜ ತಟ್ಟುತ್ತಿದ್ದಳು.

ಒಂದು ಭಾನುವಾರ ಕಲ್ಲುಬೀದಿಯ ನಡುವೆ ಹೆಂಡತಿಗೆ ಸೀನು ಬಂತು. ತಡೆದು ತಡೆದು ಕಡೆಗೆ ಜೋರಾಗಿಯೇ ಸೀನಿದಳು. ಸೀನಿದ್ದಷ್ಟೇ ಆಗಿದ್ದರೆ ಹೋಗಲಿ, “ಅಯ್ಯೋ, ಸಾರಿ ರೀ” ಅಂತ ಅಂದೂಬಿಟ್ಟಳು. ಅಂದು, ಬಾಯಿಗೆ ಸೆರಗು ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. ಇವನಿಗೆ ಮೂಗಿನ ತುದಿಯಲ್ಲೇ ಕೋಪ. ಒಂದು ಮಾತೂ ಆಡದೆ ಕಾರು ತಿರುಗಿಸಿ, ಮತ್ತೆ ಊರಾಚೆಗೆ ಹೋಗಿ, ಗೇಟಿನಿಂದ ಮೊದಲಿನಿಂದ ಶುರುಮಾಡಿದ. ಹಿಂದೆ ಕೂತ ಮಗಳು ಸದ್ದಾಗದಂತೆ ಅಳುತ್ತಿದ್ದಳು. ಆ ಟೇಪಿನ ಮೇಲೆ ‘ಹಾಳು’ ಅಂತ ಬರೆದು ರಟ್ಟಿನ ಪೆಟ್ಟಿಗೆಗೆ ಎಸೆದ. ಇದನ್ನು ಏನನ್ನಬೇಕೋ ನೀವೇ ಅಂದುಕೊಳ್ಳಿ.

ಕಾರಿನ ಬಗ್ಗೆ ಬರೆದು ಬರೆದು ಕೈ ಪಳಗಿದ ಮೇಲೆ ಅವನು ಪುಸ್ತಕಕ್ಕೆ ಕೈಹಾಕಿದ. ಚರಿತ್ರೆಯೇ, ಆದರೆ ರಾಜರದ್ದಲ್ಲ. ಹಾರ್ನ್ ಹೇಗೆ ಬಂತು, ರಸ್ತೆಯ ನಡುವಿನ ಬಿಳಿ ಗೆರೆ ಯಾಕೆ ಬಂತು, ಹಿಂದಿನ ಕಾಲದ ಲಾರಿ ಡ್ರೈವರುಗಳು ಏನೇನು ಪಾಡು ಪಟ್ಟರು, ಇಂಥವು. ಬಸ್ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ಒಳ್ಳೇ ಖರ್ಚಾದವು. ವಿದ್ವಾಂಸರು ಮೂಗು ಮುರಿದರು. ಮುರಿಯಲಿ ಬಿಡಿ, ಮೂಗು ಅವರದು. ಪುಸ್ತಕಕ್ಕೆಂದು ಅವನು ಹಳೇ ಡ್ರೈವರುಗಳನ್ನು ಹುಡುಕಿಕೊಂಡು ಹೋಗಿ, ಅವರ ಮಂಚದ ಪಕ್ಕದಲ್ಲಿ ಕೂತು, ಅವರು ಹೇಳಿದ್ದನ್ನೇ ಹತ್ತು ಸಲ ಹೇಳಿದರೂ ಮೊದಲ ಸಲ ಕೇಳುವವನಂತೆ ಕೇಳುತ್ತಿದ್ದ. ಅದನ್ನು ಕಂಡ ಹೆಂಡತಿ ಒಮ್ಮೆ, “ನಾನೂ ಒಂದಿಷ್ಟು ದಿನ ಲಾರಿ ಓಡಿಸಿದ್ದಿದ್ರೆ ನನ್ನ ಮಾತೂ ಕೇಳ್ತಿದ್ರೇನೋ” ಅಂದಿದ್ದಳು. ಅವನು ನಕ್ಕಿದ್ದ. ತಮಾಷೆ ಅಂದುಕೊಂಡಿದ್ದ.

ಅವಳು ಹೋದದ್ದು ಹೆಚ್ಚು ನರಳದೆ, ಒಂದೇ ವಾರದ ಜ್ವರದಲ್ಲಿ. ಮಗಳು ಆಗಲೇ ಶಾಲೆಯೊಂದರಲ್ಲಿ ಲೆಕ್ಕದ ಟೀಚರಾಗಿ ಪೇಟೆಯ ಇನ್ನೊಂದು ತುದಿಯಲ್ಲಿ ಮನೆ ಮಾಡಿದ್ದಳು. ಕಿವಿಯಪ್ಪ ಮೊದಲ ಮಹಡಿಯ ಎರಡು ಕೋಣೆಯಲ್ಲಿ ಒಬ್ಬನೇ ಉಳಿದ. ಕೆಲವು ತಿಂಗಳಾದ ಮೇಲೆ ಅವನಿಗೆ ಹೆಂಡತಿಯ ದನಿ ಮರೆಯತೊಡಗಿತು. ಮುಖ ನೆನಪಿದೆ, ಫೋಟೋ ಇದೆ, ಆದರೆ ದನಿ? ಊರಿನ ಕಾರುಗಳ ದನಿಯನ್ನೆಲ್ಲ ನೆನಪಿಟ್ಟುಕೊಂಡವನಿಗೆ ಹೆಂಡತಿಯದು ನೆನಪಾಗಲೊಲ್ಲದು. ದಿಗಿಲುಬಿದ್ದು ಬೀರುವಿನಲ್ಲಿದ್ದ ಟೇಪುಗಳನ್ನೆಲ್ಲ ಒಂದೊಂದಾಗಿ ಹಾಕಿ ಕೇಳಿದ. ಅಷ್ಟು ವರ್ಷ ಪಕ್ಕದಲ್ಲೇ ಕೂತಿದ್ದವಳು ಒಂದರಲ್ಲೂ ಇಲ್ಲ. ಬರೀ ಎಂಜಿನ್ನು, ಟೈರು, ಕಲ್ಲು. ಹೇಗೆ ಇದ್ದಾಳು? ಬೀಗ ಹಾಕಿದವನು ಅವನೇ. ಕಡೆಗೆ ರಟ್ಟಿನ ಪೆಟ್ಟಿಗೆಯ ತಳದಲ್ಲಿ ‘ಹಾಳು’ ಟೇಪು ಸಿಕ್ಕಿತು. ಒಂದು ಸೀನು, “ಅಯ್ಯೋ, ಸಾರಿ ರೀ”, ಒಂದು ಕಿಸಕ್. ಅಷ್ಟೇ ಅವಳು ಉಳಿದದ್ದು. ಹೆಚ್ಚು ಹಾಕಿದರೆ ಸವೆದೀತೆಂದು ವರ್ಷಕ್ಕೊಂದೆರಡು ಸಲ, ತೀರಾ ತಡೆಯಲಾಗದಾಗ ಮಾತ್ರ ಹಾಕಿಕೊಳ್ಳುತ್ತಿದ್ದ.

ಒಂಟಿ ಮನುಷ್ಯನ ಮನೆಯಲ್ಲಿ ಸದ್ದು ಕಮ್ಮಿ. ಕಮ್ಮಿಯಾದದ್ದು ಮನೆಯ ಸದ್ದೋ ತನ್ನ ಕಿವಿಯೋ ಎಂದು ಕೇಳಿಕೊಳ್ಳುವ ಸಂದರ್ಭ ಅವನಿಗೆ ಬರಲಿಲ್ಲ. ನಲ್ಲಿ ಬಿಟ್ಟು ಮರೆತಿದ್ದೀರಿ ಎಂದು ಕೆಳಗಿನ ಮನೆಯ ಮಾಲೀಕ ಎರಡು ಮೂರು ಸಲ ಮೇಲೆ ಬಂದು ಕೂಗಾಡಿದ. ವಯಸ್ಸಾದ ಮೇಲೆ ಈತನಿಗೆ ಕಿರಿಕಿರಿ ಜಾಸ್ತಿಯಾಗಿದೆ ಎಂದು ಇವನು ಅಂದುಕೊಂಡ. ಫೋನಿನ ದನಿಯನ್ನು ಪೂರ್ತಿ ಏರಿಸಿಟ್ಟುಕೊಂಡಿದ್ದ, ಲೈನು ಸರಿಯಿಲ್ಲವೆಂದು. ಇನ್ನು ಪುಸ್ತಕದ ಕೆಲಸಕ್ಕೆಂದು ಹೋಗಿ ಮಾತಾಡಿಸುತ್ತಿದ್ದ ಹಳೇ ಡ್ರೈವರುಗಳು, ಪಾಪ, ಅವರೆಲ್ಲ ಎಂಜಿನ್ನಿನ ಪಕ್ಕ ಕೂತು ಕೂತು ಎಂದೋ ಕಿವುಡಾದವರು. ಊರಿಗೇ ಕೇಳುವಂತೆ ಕಿರಚಿ ಮಾತಾಡುತ್ತಿದ್ದರು. ಅವರ ಒಂದು ಮಾತೂ ಇವನಿಗೆ ತಪ್ಪಿರಲಿಲ್ಲ. ಕಾರಿನೊಳಗಂತೂ ಯಾರೂ ಮಾತಾಡುವವರೇ ಇಲ್ಲ. ಫೋಟೋ ತೆಗೆಯುವವನು ಕೂಡ ಮುಂದೆ ಬೇರೆ ಕಾರಿನಲ್ಲಿ ಹೋಗುತ್ತಿದ್ದ.

ಆಗ ಬಂತು ಆ ಕಾರು. ಸಂಸಾರಸ್ಥರು ಕೊಳ್ಳುವಂಥದ್ದು, ಮಧ್ಯಮ ಬೆಲೆಯದು. ಎಂದಿನಂತೆ ಗೇಟಿನಿಂದ ಶುರುಮಾಡಿ ಕಲ್ಲುಬೀದಿಗೆ ಬಂದವನು ಬೆರಗಾಗಿ ಹೋದ. ನಂಬಲಾಗದೆ ಇನ್ನೆರಡು ಸಲ ಅದೇ ಬೀದಿಯಲ್ಲಿ ಓಡಿಸಿದ. ‘ಈ ಬೆಲೆಗೆ ಇಷ್ಟು ಸದ್ದಿಲ್ಲದ ಕಾರನ್ನು ನಾನು ಕಂಡಿಲ್ಲ. ಕಲ್ಲುಬೀದಿಯ ಮೇಲೂ ನನ್ನ ಮನೆಯಲ್ಲಿ ಕೂತ ಹಾಗೇ ಇತ್ತು’ ಎಂದು ಬರೆದ. ಕಿವಿಯಪ್ಪನ ಬಾಯಲ್ಲಿ ಇಂಥ ಮಾತು ಬಂದರೆ ಕೇಳಬೇಕೆ? ಕಂಪನಿಯವರು ಆ ಎರಡು ಸಾಲನ್ನು ಎತ್ತಿ ದೊಡ್ಡ ದೊಡ್ಡ ಬೋರ್ಡುಗಳ ಮೇಲೆ ಬರೆಸಿದರು. ಜನ ಮುಗಿಬಿದ್ದು ಕೊಂಡರು.

ಕೊಂಡವರು ಎರಡು ತಿಂಗಳೊಳಗೆ ಪತ್ರಿಕೆಯ ಮೇಲೆ ಮುಗಿಬಿದ್ದರು. ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿದೆ, ಪಕ್ಕದವರ ಮಾತು ಕೇಳುವುದಿಲ್ಲ, ನಿಮ್ಮ ಕಿವಿಯಪ್ಪ ಎಷ್ಟು ತಿಂದ? ಪತ್ರ, ಫೋನು, ಆಫೀಸಿನ ಬಾಗಿಲಿಗೇ ಬಂದು ಬೈದವರೂ ಉಂಟು. ಎದುರಾಳಿ ಪತ್ರಿಕೆಯವರು ಮೀಟರು ಇಟ್ಟು ಅಳೆದು, ಅಂಕಿಗಳನ್ನು ಅಚ್ಚು ಹಾಕಿದರು. ಚಹಾ ಕುಡಿಯುವ ಕಡೆ ಇವನು ಹೋದರೆ ಮಾತು ತಟ್ಟನೆ ನಿಲ್ಲುತ್ತಿತ್ತು. ಇದ್ದಕ್ಕಿದ್ದಂತೆ ಎಲ್ಲರ ತುಟಿ ನಿಂತದ್ದು ಅವನಿಗೆ ಕಾಣುತ್ತಿತ್ತು. ಇಡೀ ಜನ್ಮದಲ್ಲಿ ಯಾವ ಕಂಪನಿಯ ಒಂದು ಪೆನ್ನನ್ನೂ ಮನೆಗೆ ಒಯ್ಯದ ಮನುಷ್ಯ ಅವನು.

ಸಂಪಾದಕ ಅವನನ್ನು ಕರೆದು ಎದುರು ಕೂರಿಸಿಕೊಂಡ. ಇಬ್ಬರೂ ಜೊತೆಯಲ್ಲೇ ಕೆಲಸಕ್ಕೆ ಸೇರಿದವರು. ಕಂಪನಿಗಳು ಪರೀಕ್ಷೆಗೆ ಕಳಿಸುವ ಕಾರನ್ನು ಮೊದಲೇ ಬಿಗಿ ಮಾಡಿಸಿ, ಹೆಚ್ಚಿಗೆ ರಬ್ಬರು ತುಂಬಿಸಿ ಕಳಿಸುವುದುಂಟು ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು. ಸಂಪಾದಕ ಹೇಳಿದ್ದೂ ಅದನ್ನೇ: ನಮಗೆ ಬಂದ ಕಾರೇ ಬೇರೆ, ಅಂಗಡಿಯಲ್ಲಿ ಮಾರಿದ್ದೇ ಬೇರೆ, ನಮಗೂ ಮೋಸವಾಗಿದೆ ಎಂದು ಈ ಸಂಚಿಕೆಯಲ್ಲಿ ಬರೆದುಬಿಡು. ಜನ ನಂಬುತ್ತಾರೆ, ನಿನ್ನ ಹೆಸರೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಕಿವಿಯಪ್ಪನಿಗೆ ಅದು ಬರೀ ಉಪಾಯವಾಗಿ ಕಾಣಲಿಲ್ಲ, ನಿಜವೆಂದೇ ಅನ್ನಿಸಿತು. ಮತ್ತಿನ್ನೇನು ಕಾರಣವಿದ್ದೀತು? ನಾಳೆ ಬರೆದು ಕೊಡುತ್ತೇನೆ ಅಂದ. ಏಳುವಾಗ ಮೇಜು ಕುಟ್ಟಿ, “ನನ್ನ ಕಿವಿ ಸುಳ್ಳು ಹೇಳಲ್ಲ” ಅಂದ.

ಮನೆಗೆ ಬಂದರೂ ಮನಸ್ಸು ತಣ್ಣಗಾಗಲಿಲ್ಲ. ಹೇಳಿಕೊಳ್ಳಲು ಒಬ್ಬರಾದರೂ ಬೇಕಿತ್ತು. ‘ಹಾಳು’ ಟೇಪನ್ನು ಹೊರತೆಗೆದು ಹಾಕಿದ. ಕಲ್ಲುಬೀದಿಯ ಗುಡುಗುಡು ಬಂತು. ಸೀನು ಬಂತು, ಯಾರೋ ಗೋಡೆಯಾಚೆ ಸೀನಿದ ಹಾಗೆ. ಆಮೇಲೆ ಮತ್ತೆ ಗುಡುಗುಡು. ಅವಳ ಮಾತು ಬರಲಿಲ್ಲ. ದನಿ ಪೂರ್ತಿ ಏರಿಸಿ ಮತ್ತೆ ಹಾಕಿದ. ಸೀನು, ಗುಡುಗುಡು. ಹತ್ತಿಗೆ ಸ್ಪಿರಿಟ್ಟು ಅದ್ದಿ ಯಂತ್ರದಲ್ಲಿ ಟೇಪು ತಾಗುವ ಮೂತಿ ಒರೆಸಿ ಇನ್ನೊಮ್ಮೆ ಹಾಕಿದ. ಸವೆದುಹೋಯಿತು, ಹಾಕಿ ಹಾಕಿ ನಾನೇ ಸವೆಸಿಬಿಟ್ಟೆ ಎಂದು ಮಗಳಿಗೆ ಫೋನು ಮಾಡಿ, ತಕ್ಷಣ ಬಾ ಅಂದ. ಅಪ್ಪ ಹೀಗೆ ಕರೆದವನೇ ಅಲ್ಲ. ಅವಳು ಶಾಲೆಗೆ ಉಟ್ಟ ಸೀರೆಯಲ್ಲೇ ಓಡಿಬಂದಳು.

ಅವಳನ್ನು ಯಂತ್ರದ ಮುಂದೆ ಕೂರಿಸಿ ಟೇಪು ಹಾಕಿದ. ಅವನ ಕಣ್ಣೆಲ್ಲ ಅವಳ ಮುಖದ ಮೇಲೆ. ಸೀನು ಬಂತು. ಅದಾದ ಒಂದು ಕ್ಷಣಕ್ಕೆ ಮಗಳ ತುಟಿ ತಾನಾಗಿ ಅರಳಿತು, ಆಮೇಲೆ ಕಣ್ಣು ತುಂಬಿತು.

“ಎಲ್ಲಿ ಹೋಗಿದೆಯಪ್ಪ? ಇದೆಯಲ್ಲ. ಅಮ್ಮ ನಕ್ಕಿದ್ದೂ ಕೇಳಿಸ್ತಿದೆ.”

ಕಿವಿಯಪ್ಪ ಯಂತ್ರ ನಿಲ್ಲಿಸಿದ. ನಲ್ಲಿ, ಫೋನು, ಮನೆಯ ಮಾಲೀಕ ಎಲ್ಲ ಒಂದೊಂದಾಗಿ ನೆನಪಿಗೆ ಬಂದವು. ಕಡೆಗೆ ಆ ಕಾರು ನಿಜವಾಗಲೂ ಸದ್ದು ಮಾಡುತ್ತದೆಯೇ, ನಿನಗೇನಾದರೂ ಗೊತ್ತೇ ಎಂದು ಕೇಳಿದ. ಮಗಳು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಕೆಳಗೆ ತೋರಿಸಿದಳು. ಅದೇ ಕಾರು ನಿಂತಿತ್ತು. ಅಪ್ಪ ಬರೆದದ್ದನ್ನು ಓದಿ, ಮುಂದಿನ ತಿಂಗಳೇ ತೆಗೆದುಕೊಂಡಿದ್ದಳು. ಅವನ ಹುಟ್ಟಿದ ದಿನಕ್ಕೆ ಬಂದು ಕರೆದೊಯ್ದು ಬೆರಗುಗೊಳಿಸಬೇಕೆಂದಿದ್ದಳಂತೆ.

“ಸದ್ದು ಮಾಡುತ್ತಾ?”

ಅವಳು ತಲೆಯಾಡಿಸಿದಳು. ಅವನಿಗೆ ಕಾಣುವಂತೆ ಮುಖ ತಿರುಗಿಸಿ, ಬಿಡಿಸಿ ಬಿಡಿಸಿ, “ತುಂಬಾ. ಆದರೆ ನೀನು ಬರೆದಿದ್ದೆಯಲ್ಲಪ್ಪ. ನನ್ನ ಕಿವೀಲೇ ಏನೋ ದೋಷ ಇರಬೇಕು ಅಂದ್ಕೊಂಡೆ” ಅಂದಳು.

ಊರವರೆಲ್ಲ ಕಳ್ಳ ಅಂದಾಗ ಬಾರದ ಅಳು ಆಗ ಬಂತು ಅವನಿಗೆ.

ಕಿವಿಯ ಡಾಕ್ಟರು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಕಿವಿಯಪ್ಪ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾದದ್ದೇ ಬಂತು. ನೀವು ಗಾಜು ಇಳಿಸಿ ಕಾರು ಓಡಿಸುತ್ತಿದ್ದಿರಾ ಎಂದು ಅವರು ಕೇಳಿದರು. ಕಿಟಕಿಯ ಕಡೆಯ ಕಿವಿ ಹೆಚ್ಚುಕಮ್ಮಿ ಹೋಗಿತ್ತು. ಪಕ್ಕದ ಸೀಟಿನ ಕಡೆಯದು ಇನ್ನೂ ಅರ್ಧ ಇತ್ತು. ಕಿವಿಗೆ ಹಾಕುವ ಯಂತ್ರಕ್ಕೆ ಅಳತೆ ತೆಗೆದುಕೊಂಡರು, ಬರಲು ಕೆಲವು ವಾರ ಬೇಕೆಂದರು.

ಡಾಕ್ಟರನ್ನು ಕಂಡ ಮಾರನೇ ದಿನ ಸಂಪಾದಕನ ಮೇಜಿನ ಮೇಲೆ ಅವನು ಬರೆದಿಟ್ಟದ್ದು ನಾಲ್ಕೇ ಸಾಲು. ಆ ಕಾರು ಸದ್ದು ಮಾಡುತ್ತದೆ. ಕಂಪನಿಯವರು ನನಗೆ ಏನೂ ಕೊಟ್ಟಿಲ್ಲ, ಮೋಸವನ್ನೂ ಮಾಡಿಲ್ಲ. ನನಗೆ ಕಿವಿ ಕೇಳಿಸುವುದಿಲ್ಲ, ಅದು ನನಗೆ ಗೊತ್ತಿರಲಿಲ್ಲ. ನನ್ನ ಮಾತು ನಂಬಿ ಕೊಂಡವರ ಕ್ಷಮೆ ಕೇಳುತ್ತೇನೆ. ಸಂಪಾದಕ ಅದನ್ನು ಓದಿ, ಕನ್ನಡಕ ತೆಗೆದಿಟ್ಟು, ಇದು ಅಚ್ಚಾದರೆ ಮುಂದೆ ಯಾವನೂ ನಿನಗೆ ಬೀಗದ ಕೈ ಕೊಡುವುದಿಲ್ಲ, ತಿಳಿದೇ ಬರೆದಿದ್ದೀಯಾ ಎಂದು ಕೂಗಿ ಕೇಳಿದ. ಕೂಗಿದ್ದಕ್ಕೆ ಇಡೀ ಆಫೀಸು ತಿರುಗಿ ನೋಡಿತು. ಕಿವಿಯಪ್ಪ ಹೌದೆಂದ.

ಸಂಚಿಕೆ ಬಂತು. ಕೆಲವರು ಪಾಪ ಅಂದರು, ಕೆಲವರು ಇದೂ ಒಂದು ನಾಟಕ ಅಂದರು. ಹೊಸ ಕಾರುಗಳು ಅಂಗಳಕ್ಕೆ ಬರುತ್ತಲೇ ಇದ್ದವು, ಬೀಗದ ಕೈ ಮಾತ್ರ ಬೇರೆಯವರ ಮೇಜಿಗೆ ಹೋಯಿತು. ಡ್ರಾಯರಿನಿಂದ ಮೀಟರು ಹೊರಗೆ ಬಂತು. ಅದನ್ನು ಯಾರೋ ಹಳದಿ ಬಟ್ಟೆಯಲ್ಲಿ ಒರೆಸುತ್ತಿದ್ದುದನ್ನು ಅವನು ಕಂಡ. ಪುಸ್ತಕ ಬರೆದುಕೊಂಡಿರುತ್ತೇನೆ, ಅದಕ್ಕೇನು ಕಿವಿ ಬೇಕಾಗಿಲ್ಲ ಎಂದು ಎಲ್ಲರಿಗೂ ಹೇಳಿ, ತನ್ನ ಸಾಮಾನನ್ನು ಎರಡು ಚೀಲಕ್ಕೆ ತುಂಬಿದ. ಕಿವಿಯಪ್ಪ ಅಂತ ಆ ದಿನ ಯಾರೂ ಕರೆಯಲಿಲ್ಲ. ಕರೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಮಗಳು ಕಾರು ತಂದು ಕಾಯುತ್ತಿದ್ದಳು. ಪರೀಕ್ಷೆಗೆ ಬಂದದ್ದಲ್ಲದ ಕಾರಿನಲ್ಲಿ, ಅದೂ ಡ್ರೈವರಿನ ಪಕ್ಕದ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ಹೆಂಡತಿ ಕೂರುತ್ತಿದ್ದ ಜಾಗ. ಅಲ್ಲಿಂದ ರಸ್ತೆ ಬೇರೆ ಥರ ಕಾಣುತ್ತಿತ್ತು. ಬಳಸುದಾರಿಯಾದರೂ ಗೇಟಿನ ಕಡೆಯಿಂದ ಹೋಗೋಣ ಅಂದ. ಮಗಳು ಹಾಗೇ ತಿರುಗಿಸಿದಳು, ಏನೂ ಮಾತಾಡಲಿಲ್ಲ. ಕಾರು ಹತ್ತಿದರೆ ಬಾಯಿ ತಾನಾಗಿ ಮುಚ್ಚಿಕೊಳ್ಳುವುದು ಅವಳಿಗೆ ಮೈಗೂಡಿಹೋಗಿತ್ತು. ಹಳಿ ದಾಟುವಾಗ ಪಾದಕ್ಕೆ, ಬೆನ್ನಿಗೆ ನಡುಕ ತಟ್ಟಿತು. ಅಷ್ಟರಿಂದಲೇ ಕಾರು ಎಷ್ಟು ಗದ್ದಲ ಮಾಡುತ್ತಿದೆಯೆಂದು ಅವನಿಗೆ ಗೊತ್ತಾಯಿತು.

“ಏನಾದ್ರೂ ಮಾತಾಡು ಮಗಳೇ” ಅಂದ.

ಅವಳು ತಿರುಗಿ ನೋಡಿದಳು. “ಕಾರಲ್ಲಾ?”

ಅವನು ಹೂಂ ಅಂದ.

ಗಿರಣಿಯ ಗೋಡೆ ಮುಗಿಯುವವರೆಗೂ ಅವಳಿಗೆ ಎಲ್ಲಿಂದ ಶುರುಮಾಡಬೇಕೋ ತಿಳಿಯಲಿಲ್ಲ. ಆಮೇಲೆ ತುಟಿ ಅಲುಗಿತು. ಮೊದಲು ಒಂದು ಮಾತು, ಆಮೇಲೆ ಇನ್ನೊಂದು. ಕಲ್ಲುಬೀದಿಗೆ ತಿರುಗುವ ಹೊತ್ತಿಗೆ ಒಂದು ಕೈ ಸ್ಟಿಯರಿಂಗ್ ಬಿಟ್ಟು ಆಡತೊಡಗಿತ್ತು. ಅವಳು ಒಮ್ಮೆ ನಕ್ಕಳು. ಒಮ್ಮೆ ಕೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡಳು. ಇಷ್ಟು ವರ್ಷ ಹಿಂದಿನ ಸೀಟಿನಲ್ಲಿ ನುಂಗಿಕೊಂಡು ಕೂತದ್ದೆಲ್ಲ ಒಂದರ ಹಿಂದೊಂದು ಬರುತ್ತಿರಬೇಕು. ಕಣ್ಣು ರಸ್ತೆಯ ಮೇಲೆ ಇದ್ದದ್ದರಿಂದ ಅವಳ ತುಟಿ ಅವನಿಗೆ ಅರೆಬರೆ ಕಾಣುತ್ತಿತ್ತು. ಜಾಗ ಬದಲಾಗಿತ್ತಲ್ಲ, ಅವಳ ಕಡೆಗೆ ಇದ್ದದ್ದು ಅವನ ಹೋದ ಕಿವಿ. ಕೆಳಗೆ ಕಲ್ಲುಗಳ ಗುಡುಗುಡು. ಒಂದೇ ಒಂದು ಮಾತೂ ಅವನಿಗೆ ಕೇಳಿಸಲಿಲ್ಲ.

ಏನಂದೆ, ಇನ್ನೊಮ್ಮೆ ಹೇಳು ಅನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಂದರೆ ನಿಲ್ಲಿಸಿಬಿಡುತ್ತಾಳೆ, ನಿಲ್ಲಿಸಿದವಳು ಮತ್ತೆ ಶುರುಮಾಡದೇ ಹೋದರೆ ಎಂದು ಹೆದರಿಕೆಯಾಯಿತು. ಅವಳು ನಕ್ಕಾಗ ನಕ್ಕ. ಕಣ್ಣು ಒರೆಸಿಕೊಂಡಾಗ ತಲೆ ತಗ್ಗಿಸಿದ. ನಡುನಡುವೆ ಹೂಂಗುಟ್ಟಿದ.

ಬೀದಿ ಮುಗಿದು ಮನೆಯ ತಿರುವು ಬಂತು. ಅವಳು ವೇಗ ಇಳಿಸಿದಳು, ತುಟಿ ನಿಂತಿತು.

“ಮನೆಗೆ ಬೇಡ” ಅಂದ ಅವನು. “ಗೇಟಿಗೆ ಹೋಗು. ಮೊದಲಿಂದ ಇನ್ನೊಂದ್ಸಲ ಬರೋಣ.”

ಅವಳು ಒಂದು ಗಳಿಗೆ ಅಪ್ಪನ ಮುಖ ನೋಡಿದಳು. ಆಮೇಲೆ ಕಾರು ತಿರುಗಿಸಿದಳು.